ಮ್ಯಾಲೆ ಅಂದ್ರ ಚಾಲೂ

ಮೊನ್ನೆ ಅಡುಗೆಮನೆಯ ಹಳೆಯ ವೈರಿಂಗ್ ಬದಲಿಸಲು ಬಂದ ಈರಪ್ಪ ಒಂದು ದಪ್ಪ ಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟ. ಹಾಳೆ ಹಾಳೆಗೂ ಸ್ವಿಚ್ಚಿನ ಚಿತ್ರಗಳು. ಬಿಳಿಯದು, ಬೂದಿ ಬಣ್ಣದ್ದು, ಒತ್ತಿದರೆ ಒಳಗೆ ನೀಲಿ ದೀಪ ಹತ್ತುವುದು, ಒತ್ತಿದ್ದೇ ಗೊತ್ತಾಗದಷ್ಟು ಮೆತ್ತಗಿನದು.

“ಯಾವುದ ಹಾಕ್ಲ್ರಿ ಅಕ್ಕೋರ? ಮಂದಿ ಇದನ್ನ ಆರಸಾಕ ಎರಡೆರಡ ದಿವಸ ತಗೋತಾರ್ರಿ.”

“ನಿನ್ನ ಕೈಗೆ ಯಾವುದ ಸಿಗತೈತಿ ಅದನ್ನ ಹಾಕಪಾ,” ಎಂದೆ.

ಅವನು ನನ್ನನ್ನು ಕನಿಕರದಿಂದ ನೋಡಿದ. ನಿವೃತ್ತಳಾದ ಕನ್ನಡ ಶಿಕ್ಷಕಿ, ಇವಳಿಗೇನು ತಿಳಿಯಬೇಕು ಸ್ವಿಚ್ಚಿನ ವಿಷಯ ಎಂದುಕೊಂಡಿರಬೇಕು. ಒಬ್ಬ ಹೆಂಗಸಿನ ಪಾಲಿಗೆ ಬರಬಹುದಾದ ಸ್ವಿಚ್ಚಿನ ಯೋಚನೆಯನ್ನೆಲ್ಲ ನಾನು ತೊಂಬತ್ತರ ದಶಕದ ಕೊನೆಯಲ್ಲಿಯೇ ಯೋಚಿಸಿ ಮುಗಿಸಿದ್ದೇನೆಂದು ಅವನಿಗೆ ಹೇಗೆ ಹೇಳುವುದು? ಅವನು ಎರಡು ದಿನವನ್ನು ದೊಡ್ಡದು ಮಾಡಿ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ನಾಲ್ಕು ಸ್ವಿಚ್ಚು ಆರಿಸುವುದಕ್ಕೆ ಒಂದು ವರ್ಷ ಹಿಡಿದು, ಇನ್ನೊಂದು ವರ್ಷಕ್ಕೂ ಕಾಲಿಟ್ಟಿತ್ತು. ಅದೂ ಮನೆಗಲ್ಲ, ವಿಮಾನಕ್ಕೆ.

ಇಲ್ಲಿ ನೀವು ಒಂದು ಕ್ಷಣ ನಿಲ್ಲುತ್ತೀರಿ, ಗೊತ್ತು. ಬೈಲಹೊಂಗಲದಲ್ಲಿ ಯಾರೂ ನಿಂತಿರಲಿಲ್ಲ. ಮನೆ ಕಟ್ಟಿಸುವವರನ್ನು ‘ಸ್ಲ್ಯಾಬ್ ಬಿತ್ತೇನ್ರಿ’ ಎಂದು ಕೇಳುವ ಧಾಟಿಯಲ್ಲಿಯೇ ನಮ್ಮ ಮನೆಯವರನ್ನು ಸಂತೆಯಲ್ಲಿ ನಿಲ್ಲಿಸಿ, “ಮಾಂತೇಶಣ್ಣಾ, ಇಮಾನ ಎಲ್ಲೀಮಟಾ ಬಂತ?” ಎನ್ನುತ್ತಿದ್ದರು. ಒಬ್ಬರು ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳಿದರು. ಇನ್ನೊಬ್ಬರು, ಹತ್ತಿಗೆ ಎಣ್ಣೆ ಹೊಡೆಯಲು ಬಾಡಿಗೆಗೆ ಕೊಡುತ್ತೀರೋ ಎಂದು ವಿಚಾರಿಸಿ ಹೋದರು. ವಿಮಾನವನ್ನೇಕೆ ಮಾಡುತ್ತಿದ್ದೀರಿ ಎಂದು ಕೇಳಿದವಳು ಊರಿನಲ್ಲಿ ನಾನೊಬ್ಬಳೇ.

“ದಿನಾ ಪಂಪಸೆಟ್ ರಿಪೇರಿ ಮಾಡತೇನಿ,” ಎಂದಿದ್ದರು ಅವರು. “ಅವು ನೀರ ಮ್ಯಾಲೆ ಎತ್ತತಾವ. ತಾವು ಮಾತ್ರ ಅಲ್ಲೇ ಇರತಾವ.”

ಮದುವೆಗೆ ಮೊದಲಿನಿಂದಲೂ ಮಹಾಂತೇಶ ದೂರದ ಊರಿನ ಒಂದು ವಿಮಾನ ತರಬೇತಿ ಶಾಲೆಯಲ್ಲಿ ಮೆಕ್ಯಾನಿಕ್ ಆಗಿದ್ದರು. ಎಂಜಿನ್ ಬಿಚ್ಚುವುದು, ಜೋಡಿಸುವುದು, ಸಹಿ ಹಾಕಿ ಬೇರೆಯವರನ್ನು ಮೇಲೆ ಕಳಿಸುವುದು ಅವರ ಕೆಲಸ. ಬಿಡುವಿನಲ್ಲಿ ತಾವೂ ಹಾರಿಸುವುದನ್ನು ಕಲಿತಿದ್ದರು. ಆ ಶಾಲೆ ಮುಚ್ಚಿದ ಮೇಲೆ ಊರಿಗೆ ಬಂದು ಸವದತ್ತಿ ರಸ್ತೆಯಲ್ಲಿ ವರ್ಕ್‌ಶಾಪ್ ತೆರೆದರು. ಅದೇ ಶಾಲೆಯಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದ ಅವರ ಗೆಳೆಯ ಕಾಂಬಳೆ ರಾಮದುರ್ಗಕ್ಕೆ ಮರಳಿ ಟೀವಿ ರಿಪೇರಿಯ ಅಂಗಡಿ ಇಟ್ಟರು. ರವಿವಾರ ಬಂತೆಂದರೆ ಕಾಂಬಳೆ ಬಸ್ಸು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ವರ್ಕ್‌ಶಾಪಿನ ಹಿಂದಿದ್ದ ಹಳೆಯ ಹತ್ತಿ ಗೋದಾಮಿನಲ್ಲಿ ಇಬ್ಬರೂ ಸೇರಿ ಅಲ್ಯುಮಿನಿಯಂ ಕೊಳವೆಗಳನ್ನು ಜೋಡಿಸಿದರು, ಪುಣೆಯಿಂದ ಹಳೆಯ ಎಂಜಿನ್ ತಂದು ಕೂರಿಸಿದರು, ರೆಕ್ಕೆಗೆ ಬಟ್ಟೆ ಹೊದಿಸಿದರು. ಎಡಗಡೆಯ ರೆಕ್ಕೆಯಲ್ಲಿ ಒಂದು ಹೊಲಿಗೆ ನನ್ನದು. ಆಮೇಲೆ ಅದನ್ನು ಬಿಚ್ಚಿ ಹಾಕಿದರು.

ಒಂದು ಯುಗಾದಿಯ ದಿನ ಹೋಳಿಗೆ ಬಡಿಸುತ್ತ ಕೇಳಿದೆ: “ಇನ್ನ ಏನ ಉಳದೈತ್ರಿ?”

“ಸ್ವಿಚ್. ಅಷ್ಟ.”

ಮುಂದಿನ ಯುಗಾದಿಗೂ ಅದನ್ನೇ ಕೇಳಿದೆ. ಅವರೂ ಅದನ್ನೇ ಹೇಳಿದರು.

ಸ್ವಿಚ್ಚು ಅಂದರೆ ಅಂಗಡಿಗೆ ಹೋಗಿ ತರುವ ವಸ್ತು ಎಂದು ನಾನು ತಿಳಿದಿದ್ದೆ. ಅವರು ತಂದರು ಕೂಡ. ಬೆಳಗಾವಿಯ ಪೇಟೆಯಿಂದ, ಹುಬ್ಬಳ್ಳಿಯ ಗುಜರಿಯಿಂದ, ಟ್ರ್ಯಾಕ್ಟರಿನಿಂದ ಬಿಚ್ಚಿದವು, ಹಳೆಯ ರೇಡಿಯೋದಿಂದ ಕಿತ್ತವು, ಎಲ್ಲವನ್ನೂ ಒಂದು ಹಲಗೆಗೆ ಬಿಗಿದು ಪಡಸಾಲೆಯಲ್ಲಿ ನೇತುಹಾಕಿದರು. ಮನೆಗೆ ಬಂದವರು ಚಹಾ ಕುಡಿಯುವ ಮೊದಲು ಕಣ್ಣು ಮುಚ್ಚಿಕೊಂಡು ಅವುಗಳನ್ನು ಒತ್ತಿ ತಮ್ಮ ಅಭಿಪ್ರಾಯ ಹೇಳಬೇಕಾಗಿತ್ತು. ನನ್ನ ತವರಿನವರು ಬರುವುದನ್ನು ಕಡಿಮೆ ಮಾಡಿದರು. ನಾನು ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದರೆ ಬೆನ್ನ ಹಿಂದೆ ಟಕ್, ಟಿಕ್, ಟಕ್. ಒಂದೊಂದರ ದನಿಯೂ ಬೇರೆ. ಕೊನೆಕೊನೆಗೆ ಅಡುಗೆಮನೆಯಲ್ಲಿದ್ದುಕೊಂಡೇ, “ಅದು ಮೂರನೇದಲ್ರಿ? ಅದ್ರ ಹಲ್ಲ ಸಡಲ ಆಗೇತಿ,” ಎನ್ನುವ ಮಟ್ಟಕ್ಕೆ ಬಂದಿದ್ದೆ. ಹಳಗನ್ನಡದ ಛಂದಸ್ಸು ಕಲಿಯುವಾಗ ಇಷ್ಟು ಚುರುಕಾಗಿರಲಿಲ್ಲ ನನ್ನ ಕಿವಿ.

ನಮ್ಮ ಅತ್ತೆಯವರದು ಬೇರೆಯೇ ತಕರಾರು. “ಇಷ್ಟ ಸ್ವಿಚ್ ಅದಾವು, ಒಂದಕ್ಕಾರ ದೀಪಾ ಹತ್ತತೈತೇನ?” ಎಂದು ದಿನಕ್ಕೊಮ್ಮೆ ಹಲಗೆಯನ್ನು ನೋಡಿ ಕೇಳುತ್ತಿದ್ದರು. ಇಲ್ಲ ಎಂದರೆ, “ಮತ್ತ ಯಾತಕ್ಕ ಒತ್ತತಿ?” ಎಂದು ಮಗನನ್ನು ಕೇಳುತ್ತಿದ್ದರು. ಮಗ ಮುಂದಿನದನ್ನು ಒತ್ತುತ್ತಿದ್ದರು.

ವಿಮಾನದಲ್ಲಿ ಎಲ್ಲವೂ ನಡುಗುತ್ತದಂತೆ. ನಡುಗಿದಾಗ ಸ್ವಿಚ್ಚು ತನ್ನಷ್ಟಕ್ಕೆ ತಾನೇ ಬಂದ್ ಆಗಬಾರದು. ಅದನ್ನು ಪರೀಕ್ಷಿಸಲು ನಮ್ಮ ಓಣಿಯ ಹಿಟ್ಟಿನ ಗಿರಣಿಗಿಂತ ಒಳ್ಳೆಯ ಜಾಗವಿಲ್ಲವೆಂದು ಕಾಂಬಳೆ ಹೇಳಿದರು. ಗಿರಣಿಯವರು ಬೇಡವೆನ್ನಲಿಲ್ಲ. ಹಲಗೆಯನ್ನು ಗಿರಣಿಯ ಚೌಕಟ್ಟಿಗೆ ಕಟ್ಟಿದರು. ಜೋಳ ಬೀಸಿಸಲು ಬಂದ ಹೆಂಗಸರು ಡಬ್ಬಿ ಹಿಡಿದುಕೊಂಡು ಸ್ವಿಚ್ಚುಗಳು ನಡುಗುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಕೆಲವು ಸ್ವಿಚ್ಚುಗಳು ಒಂದು ಚೀಲ ಜೋಳ ಮುಗಿಯುವುದರೊಳಗೇ ಸೋತವು. ಒಂದರ ನಟ್ಟು ಬಿಚ್ಚಿ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಎರಡು ದಿನದ ಮೇಲೆ ಎದುರು ಮನೆಯ ಗಂಗವ್ವ ಅದನ್ನು ಒಂದು ಚೂರು ರೊಟ್ಟಿಯ ಸಮೇತ ತಂದುಕೊಟ್ಟರು. “ನಿಮ್ಮದಿರಬೇಕ್ರಿ,” ಎಂದರು. ನಮ್ಮದೇ ಆಗಿತ್ತು.

ಹೀಗೆ ಸೋತವರೆಲ್ಲ ಸೋತು, ಉಕ್ಕಿನ ಕಡ್ಡಿಯಿದ್ದ, ಮೇಲೆ ಕೆಳಗೆ ಎತ್ತಿ ಹಾಕುವ ಜಾತಿಯ ನಾಲ್ಕು ಸ್ವಿಚ್ಚುಗಳು ಉಳಿದವು. ಒಂದು ಬ್ಯಾಟರಿಗೆ. ಎರಡು ಎಂಜಿನ್ನಿನ ಕಿಡಿಗೆ. ಒಂದು ಕಿಡಿ ಕೈಕೊಟ್ಟರೆ ಇನ್ನೊಂದಿರಲಿ ಎಂದು. ನಾಲ್ಕನೆಯದು ಪೆಟ್ರೋಲಿನ ಪಂಪಿಗೆ. ಎಂಜಿನ್ನು ಕೆಮ್ಮಿದರೆ ಕೂಡಲೇ ಚಾಲೂ ಮಾಡಬೇಕಾದದ್ದು ಅದು. ಇನ್ನು ಮುಗಿಯಿತು ಎಂದುಕೊಂಡೆ. ಸ್ವಿಚ್ಚನ್ನು ಮೇಲೆ ಮಾಡಿದರೆ ಚಾಲೂ ಆಗಬೇಕೋ, ಕೆಳಗೆ ಮಾಡಿದರೆ ಚಾಲೂ ಆಗಬೇಕೋ ಎಂಬ ಪ್ರಶ್ನೆ ಇರುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

“ಇದ್ರಾಗ ವಿಚಾರ ಮಾಡೂದೇನೈತಿ?” ಎಂದರು ಕಾಂಬಳೆ. “ವಿಮಾನದಾಗ ಮ್ಯಾಲೆ ಅಂದ್ರ ಚಾಲೂ, ಕೆಳಗ ಅಂದ್ರ ಬಂದ್. ಜಗತ್ತಿನ್ಯಾಗ ಎಲ್ಲಾ ಕಡೆ ಹಂಗಽ ಐತಿ.”

“ಜಗತ್ತಿನ್ಯಾಗ ಇರಬಹುದು. ನಮ್ಮ ಮನ್ಯಾಗ ಕೆಳಗ ಒತ್ತಿದ್ರ ದೀಪಾ ಹತ್ತತೈತಿ,” ಎಂದರು ಇವರು. “ಹುಟ್ಟಿದಾಗಿಂದ ಕೆಳಗ ಒತ್ತಿದ ಕೈ ಇದು. ಗಡಿಬಿಡಿಯೊಳಗ ಇದು ಎತ್ತಾಗ ಹೋಗತೈತಿ, ನೀ ಹೇಳು.”

“ಅಲ್ಲಿ ಅಷ್ಟ ವರ್ಷ ಮ್ಯಾಲೆ ಮಾಡಿಲ್ಲೇನ ಅದಽ ಕೈಲೆ?”

“ಅಲ್ಲಿ ಮ್ಯಾಲೆ, ಮನ್ಯಾಗ ಕೆಳಗ. ಕೈಗೇನ ನೌಕರಿ ಯಾವುದು ಮನಿ ಯಾವುದು ಗೊತ್ತಾಗತೈತೇನ?”

ಎಷ್ಟೋ ರವಿವಾರಗಳು ಇದರಲ್ಲೇ ಹೋದವು. ಕೊನೆಗೆ ಕಾಂಬಳೆ ಒಂದು ಪರೀಕ್ಷೆ ಸೂಚಿಸಿದರು. ಇವರು ವಿಮಾನದೊಳಗೆ ಕಣ್ಣು ಮುಚ್ಚಿ ಕುಳಿತಿರಬೇಕು, ನಾನು ಹಿಂದಿನಿಂದ ಬಂದು ಒಮ್ಮೆಲೆ ಒದರಬೇಕು. ಕೈ ಯಾವ ಕಡೆಗೆ ಹೋಗುತ್ತದೆ ಎಂದು ಅವರು ನೋಡುತ್ತಾರೆ.

“ವೈನಿ, ಬೆಂಕಿ ಹತ್ತೇತಿ ಅಂತ ಜೋರಾಗಿ ಒದರ್ರಿ.”

ಗಂಡನ ಮೇಲೆ ಒದರಿ ನನಗೆ ಅಭ್ಯಾಸವಿಲ್ಲ ಎಂದೆ. ಗೋದಾಮಿನ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅತ್ತೆ ಸಣ್ಣಗೆ ಕೆಮ್ಮಿದರು.

ಒದರಿದೆ. ಮೊದಲ ಸಲ ಕೈ ಮೇಲೆ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಒದರಿದಾಗ ಕೆಳಗೆ ಹೋಯಿತು. ಅದರ ಮುಂದಿನ ಸಲ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಕಾಂಬಳೆ ಬೀಡಿ ಹಚ್ಚಲು ಹೊರಗೆ ಹೋದರು. ನನ್ನ ದನಿ ಕೇಳಿ ಪಕ್ಕದ ಅಡತಿ ಅಂಗಡಿಯ ಹಮಾಲರು ನೀರಿನ ಕೊಡ ಹೊತ್ತು ಓಡಿ ಬಂದಿದ್ದರು. ಅವರಿಗೆ ಚಹಾ ಮಾಡಿಕೊಟ್ಟು ಕಳಿಸಿದೆವು.

ಅಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನು ಸಿಟ್ಟಿನಿಂದಲೇ ಕೇಳಿದೆ. ನಾಲ್ಕು ಸ್ವಿಚ್ಚಿಗೆ ಇಷ್ಟು ಹಟ ಯಾಕೆ, ಯಾವುದೋ ಒಂದು ಕಡೆಗೆ ಹಾಕಿ ಮುಗಿಸಬಾರದೇ ಎಂದೆ. ಅವರು ರೊಟ್ಟಿ ಮುರಿಯುತ್ತ, ತಾಟಿನಿಂದ ಮುಖ ಎತ್ತದೆ ಹೇಳಿದರು:

“ಅಲ್ಲೆ ವಿಮಾನದ ಸಾಲ್ಯಾಗ ಒಬ್ಬಾಂವ ಕಲಿಯಾಕ ಬಂದಿದ್ದ. ಸಣ್ಣಾಂವ. ಮ್ಯಾಲೆ ಹೋದಾಗ ಎಂಜಿನ್ ಕೆಮ್ಮಾಕ ಹತ್ತೇತಿ. ಪಂಪ್ ಚಾಲೂ ಮಾಡಬೇಕಿತ್ತು. ಅದರ ಬಾಜೂಕಿಂದ ಕಿಡಿ ಸ್ವಿಚ್ ಬಂದ್ ಮಾಡ್ಯಾನ. ಮುಂದ ನಾನು, ಕಾಂಬಳೆ ಅದು ಬಿದ್ದಲ್ಲಿ ಹೋಗಿ ಚೂರ ಎಲ್ಲಾ ಆರಿಸಿಕೊಂಡ ಬಂದ್ವಿ. ಸ್ವಿಚ್ ಎಲ್ಲಾ ಬರೋಬರಿ ಇದ್ವು. ನಾನಽ ನೋಡಿ ಸಹಿ ಮಾಡಿದ್ವು. ಎಲ್ಲಾ ಒಂದಽ ನಮೂನಿ ಇದ್ವು, ಅಷ್ಟ.”

ಕಾಂಬಳೆ ಸಾರಿಗೆ ಕೈ ಚಾಚಿದವರು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಆ ಹುಡುಗ ಬದುಕಿದನೇ ಎಂದು ನಾನು ಕೇಳಲಿಲ್ಲ. ಆ ಮೇಲೆ ಸ್ವಿಚ್ಚಿನ ವಿಷಯಕ್ಕೆ ಸಿಟ್ಟು ಮಾಡುವುದನ್ನು ಬಿಟ್ಟೆ. ಪಡಸಾಲೆಯಲ್ಲಿ ಟಕ್ ಎಂದರೆ ಎದ್ದು ಹೋಗಿ ನಾನೂ ಒಂದು ಸಲ ಒತ್ತಿ ನೋಡುತ್ತಿದ್ದೆ.

ಮುಂದಿನ ವಾರ ಅವರು ನಾಲ್ಕೂ ಸ್ವಿಚ್ಚಿನ ತುದಿಗಳನ್ನು ಬೇರೆ ಬೇರೆ ಮಾಡಿದರು. ಪಂಪಿನದಕ್ಕೆ ಹುಣಸೆ ಕಟ್ಟಿಗೆಯ ಗುಂಡು ಹಾಕಿ, ಉಳಿದವುಗಳಿಂದ ದೂರ, ಎಡಗೈಗೆ ಸಿಗುವಂತೆ ಕೂರಿಸಿದರು. ಕಿಡಿಯ ಎರಡಕ್ಕೆ ಚಪ್ಪಟೆ ತಗಡು. ಬ್ಯಾಟರಿಯದನ್ನು ಹಾಗೆಯೇ ಬಿಟ್ಟರು. ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಎರಡು ದಿನ ನಿಘಂಟು ತಿರುವಿ ‘ವಿದ್ಯುತ್ಕೋಶ ಪ್ರಧಾನ ನಿಯಂತ್ರಕ’, ‘ಇಂಧನ ಸಂಪ್ರೇಷಣ ಯಂತ್ರ’ ಎಂದೆಲ್ಲ ಬರೆದುಕೊಂಡು ಹೋಗಿ ತೋರಿಸಿದೆ. ಅವರು ಗೌರವದಿಂದಲೇ ಓದಿದರು.

“ಛಲೋ ಅದಾವು. ಆದ್ರ ಓದಿ ಮುಗಸೂದ್ರಾಗ ನೆಲಾ ಬರತೈತಿ.”

ಕೊನೆಗೆ ಬಿಳಿ ಬಣ್ಣದಲ್ಲಿ ‘ಮೇನ್’, ‘ಕಿಡಿ ಎಡ’, ‘ಕಿಡಿ ಬಲ’, ‘ಪಂಪ್’ ಎಂದು ಬರೆದೆ. ಇಪ್ಪತ್ತು ವರ್ಷ ಬರವಣಿಗೆ ಕಲಿಸಿದ ಕೈ. ಕಿಡಿಯ ಗುಡಿಸು ಎರಡೂ ಕಡೆ ಒಂದೇ ಅಳತೆಗೆ ಬರಲಿಲ್ಲ.

ಮೇಲೋ ಕೆಳಗೋ ಎಂಬುದು ಮಾತ್ರ ಹಾಗೆಯೇ ಉಳಿದಿತ್ತು. ಒಂದು ದಿನ ಶಾಲೆಯಿಂದ ಬಂದು ಪಡಸಾಲೆಯ ದೀಪ ಹಾಕಲು ಹೋದರೆ ಹತ್ತಲಿಲ್ಲ. ಕರೆಂಟು ಹೋಗಿದೆ ಎಂದುಕೊಂಡೆ. ಒಳಗೆ ಫ್ಯಾನು ತಿರುಗುತ್ತಿತ್ತು. ಸ್ವಿಚ್ಚಿನ ಹತ್ತಿರ ಹೋಗಿ ನೋಡಿದರೆ ಅದು ತಲೆಕೆಳಗಾಗಿತ್ತು. ಆ ಮನೆಯ ಒಂದೊಂದು ಸ್ವಿಚ್ಚನ್ನೂ, ಬಚ್ಚಲದ್ದು, ದೇವರ ಕೋಣೆಯದ್ದು, ಅಟ್ಟದ್ದು, ಬಿಡದಂತೆ ಬಿಚ್ಚಿ ತಿರುಗಿಸಿ ಹಾಕಿದ್ದರು.

“ವಿಮಾನಾ ಮನಿಯಂಗ ಮಾಡೂದ ಬ್ಯಾಡ ಅಂತ ವಿಚಾರ ಮಾಡಿದೆ,” ಎಂದರು. “ಮನೀನಽ ವಿಮಾನದಂಗ ಮಾಡೂಣು. ಇನ್ನ ಇಲ್ಲೂ ಮ್ಯಾಲೆ ಅಂದ್ರ ಚಾಲೂ.”

ನಾವು ಮನುಷ್ಯರು ಎಷ್ಟು ಬೇಗ ಕಲಿಯುತ್ತೇವೆ ಎಂದರೆ, ಒಂದು ತಿಂಗಳೊಳಗೆ ನನಗೆ ಮನೆಯಲ್ಲಿ ತಪ್ಪುವುದು ನಿಂತಿತು, ಶಾಲೆಯಲ್ಲಿ ತಪ್ಪತೊಡಗಿತು. ಸ್ಟಾಫ್ ರೂಮಿನಲ್ಲಿ ಫ್ಯಾನು ಹಾಕಲು ಹೋಗಿ ಹೆಡ್‌ಮಾಸ್ತರರ ತಲೆಯ ಮೇಲಿನ ಫ್ಯಾನನ್ನೇ ಬಂದ್ ಮಾಡುತ್ತಿದ್ದೆ. ಏನಾದರೂ ಅಸಮಾಧಾನವಿದ್ದರೆ ಬಾಯಿಬಿಟ್ಟು ಹೇಳಿರಿ ಎಂದು ಅವರು ಒಮ್ಮೆ ನನ್ನನ್ನು ಕರೆಸಿ ಕೇಳಿದರು. ಅತ್ತೆಯವರು ಮಾತ್ರ ಕಲಿಯಲು ಒಪ್ಪಲಿಲ್ಲ. ಬಚ್ಚಲಿನಲ್ಲಿ ಕತ್ತಲೆಯಲ್ಲಿ ನಿಂತು, “ಶಾರದಾ, ಈ ಮನ್ಯಾಗ ಬೆಳಕಿಗೂ ತಿಳಿವಳಿಕಿ ಇಲ್ಲದಂಗ ಆತು,” ಎಂದು ಕೂಗುತ್ತಿದ್ದರು. ಎರಡು ವಾರ ತಡೆದುಕೊಂಡು, ಸ್ವಿಚ್ಚು ಸರಿಯಾಗುವವರೆಗೆ ಮನೆಗೆ ಬರುವುದಿಲ್ಲವೆಂದು ಹೇಳಿ, ಸೀರೆ ಗಂಟು ಕಟ್ಟಿಕೊಂಡು ಮುನವಳ್ಳಿಯ ಮಗಳ ಮನೆಗೆ ಹೋಗಿಬಿಟ್ಟರು. ಮಗ ಬಸ್ ಸ್ಟ್ಯಾಂಡಿಗೆ ಕಳಿಸಲು ಹೋದವರು ಬರುವಾಗ ಮುಖ ಚಿಕ್ಕದು ಮಾಡಿಕೊಂಡು ಬಂದರು. ಆದರೂ ಸ್ವಿಚ್ಚು ತಿರುಗಿಸಲಿಲ್ಲ.

ಅವರು ಹೋದ ಮೇಲೆ ಬೇಸಿಗೆ ಬಂತು. ಮನೆ ಪೂರ್ತಿ ಮೇಲ್ಮುಖವಾಗಿತ್ತು, ವಿಮಾನವೂ ತಯಾರಾಗಿತ್ತು, ಓಡಿಸಲು ಮಾತ್ರ ಜಾಗವಿರಲಿಲ್ಲ. ನಮ್ಮ ಕಡೆಯ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಗಾಲಿ ಸಿಕ್ಕಿಬೀಳುತ್ತದೆ. ಹೀಗಿರುವಾಗ ಒಂದು ಸಂಜೆ ಮುನವಳ್ಳಿಯಿಂದ ಅತ್ತೆಯ ಫೋನು ಬಂತು.

“ಶಾರದಾ, ಅವಂಗ ಹೇಳು. ಇಲ್ಲೆ ಹೊಳಿ ಭಾಳ ಹಿಂದ ಸರದೈತಿ. ಕುರಿ ಮೇಯೋ ಕಡೆ ನೆಲಾ ಹಂಚಿನ್ಹಂಗ ಸಪಾಟ ಐತಿ. ಜಾಗಾ ಬೇಕಂತ ಗೋಗರೀತಿದ್ನಲಾ.” ಕೊನೆಗೆ, “ನಾ ಏನ ಮನಿಗೆ ಬರೂದಿಲ್ಲ. ಜಾಗಾ ಐತಿ ಅಂತ ಹೇಳಿದೆ,” ಎಂದು ಇಟ್ಟುಬಿಟ್ಟರು.

ನವಿಲುತೀರ್ಥದ ಆಣೆಕಟ್ಟಿನ ಹಿನ್ನೀರು ಆ ವರ್ಷ ಯಾರೂ ನೋಡಿರದಷ್ಟು ದೂರ ಸರಿದಿತ್ತು. ನಮ್ಮ ಅತ್ತೆಯ ತವರೂರು ಅದೇ ನೀರಿನ ಕೆಳಗೆ ಹೋಗಿತ್ತೆಂದು ನನಗೆ ಗೊತ್ತಿತ್ತು. ಅದರ ಬಗ್ಗೆ ಅವರು ಮಾತಾಡುತ್ತಿರಲಿಲ್ಲವಾದ್ದರಿಂದ ಮರೆತೂ ಇತ್ತು. ರೆಕ್ಕೆ ಬಿಚ್ಚಿದ ವಿಮಾನವನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೇರಿಕೊಂಡು ಹೋದೆವು. ಪರವಾನಗಿ ಸಿಕ್ಕಿದ್ದು ನೆಲದ ಮೇಲೆ ಓಡಿಸಲು ಮಾತ್ರ. ಹಾರದಂತೆ ನೋಡಿಕೊಳ್ಳಲು ಒಬ್ಬ ಹವಾಲ್ದಾರರು ಬಂದಿದ್ದರು. ಒಳ್ಳೆಯ ಮನುಷ್ಯ. ಒಂದು ವೇಳೆ ಹಾರಿದರೆ ಏನು ಮಾಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿ ಕಳಿಸಿರಲಿಲ್ಲ.

ಅತ್ತೆ ಕೊಡೆ ಹಿಡಿದುಕೊಂಡು ಬಂದು ದೂರದಲ್ಲಿ ಒಂದು ಕಲ್ಲಿನ ಮೇಲೆ ಕುಳಿತರು. ಮಗನ ಜೊತೆ ಮಾತಿಲ್ಲ. ಕಾಂಬಳೆ ಹೋಗಿ ನೀರು ಕೊಟ್ಟು ಬಂದರು.

ಮೊದಲ ಓಟ ನೆಲದ ಮೇಲೆ ಆಯಿತು. ಎರಡನೆಯದೂ ಆಯಿತು. ಮೂರನೆಯ ಸಲ ವಿಮಾನ ಹಾರಿತು ಎಂದು ನಾನು ಇಂದಿಗೂ ಬರೆಯುವುದಿಲ್ಲ. ಅದು ಇದ್ದ ಹಾಗೆಯೇ ಓಡಿತು. ನೆಲ ಮಾತ್ರ ತಗ್ಗಾಯಿತು. ಹವಾಲ್ದಾರರು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

ಆಗ ಎಂಜಿನ್ನು ಕೆಮ್ಮಿತು.

ಹಿಂದೆ ಗೋದಾಮಿನಲ್ಲಿ ಒದರುವ ಕೆಲಸವನ್ನು ಸಂಬಳವಿಲ್ಲದೆ ಮಾಡಿದ್ದ ನನ್ನ ಗಂಟಲಿನಿಂದ ಈಗ ಏನೂ ಹೊರಡಲಿಲ್ಲ. ಇನ್ನೊಮ್ಮೆ ಕೆಮ್ಮಿತು. ನಂತರ ಸದ್ದೇ ನಿಂತಿತು. ನೀರಿನಂಚಿನ ಕೊಕ್ಕರೆಗಳ ದನಿ ಕೇಳಿಸುವಷ್ಟು ಸುಮ್ಮನಾಯಿತು. ಕಾಂಬಳೆಯವರ ಎಡಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಎದ್ದು, ಇಲ್ಲದ ಒಂದು ಸ್ವಿಚ್ಚನ್ನು ಮೇಲೆ ಮಾಡಿದ್ದನ್ನು ನಾನು ನೋಡಿದೆ. ಅತ್ತೆ ಎದ್ದು ನಿಂತಿದ್ದರು. ಕೊಡೆ ಕೆಳಗೆ ಬಿದ್ದಿತ್ತು.

ಎಂಜಿನ್ನು ಮತ್ತೆ ಹಿಡಿಯಿತು. ವಿಮಾನ ಸ್ವಲ್ಪ ತೂಗಿ, ನೆಲಕ್ಕೆ ತಾಗಿ, ಒಂದು ಸಲ ಪುಟಿದು, ಓಡುತ್ತ ಬಂದು ನಿಂತಿತು. ಇವರು ಇಳಿಯಲಿಲ್ಲ. ನಾವು ಓಡಿ ಹೋಗಿ ನೋಡಿದರೆ ನಾಲ್ಕೂ ಸ್ವಿಚ್ಚುಗಳು ಮೇಲೆ ಇದ್ದವು. ಪಂಪಿನದೂ ಮೇಲೆ.

“ಪಂಪ್ ಯಾವಾಗ ಹಾಕಿದಿ?” ಎಂದರು ಕಾಂಬಳೆ.

“ನಾ ಹಾಕಿದ್ನೇನ?” ಎಂದರು ಇವರು. ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡರು. “ನನಗ ನೆನಪಿಲ್ಲೋ ಮಾರಾಯಾ.”

ಕಾಂಬಳೆ ಅವರ ಬೆನ್ನಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಇಬ್ಬರೂ ಬೇರೆ ಯಾರನ್ನೋ ನೆನೆಯುತ್ತಿದ್ದಾರೆಂದು ತಿಳಿದು ನಾನು ಆಚೆ ಹೋಗಿ ಅತ್ತೆಯ ಕೊಡೆ ಎತ್ತಿಕೊಟ್ಟೆ.

ಪೆಟ್ರೋಲು ಸೋಸುವ ಜಾಳಿಗೆಯಲ್ಲಿ ದೂಳು ಸಿಕ್ಕಿಕೊಂಡಿತ್ತಂತೆ. ಕಾಂಬಳೆ ಅದನ್ನು ತೊಳೆದು, ಇಡೀ ದಿನ ಎಂಜಿನ್ನನ್ನು ಓಡಿಸಿ ನೋಡಿ, ಮರುದಿನ ಬೆಳಿಗ್ಗೆ ಇನ್ನು ಅಡ್ಡಿಯಿಲ್ಲ ಎಂದರು. ಹಾರುವ ಪರವಾನಗಿ ಕೊನೆಗೂ ಬರಲಿಲ್ಲ. ಕೆಲವು ವರ್ಷದ ಮೇಲೆ ವಿಮಾನವನ್ನು ಒಂದು ಎಂಜಿನಿಯರಿಂಗ್ ಕಾಲೇಜಿಗೆ ಕೊಟ್ಟೆವು. ಈಗಲೂ ಅದು ಅವರ ಅಂಗಳದಲ್ಲಿದೆ. ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಇವರು ಪಕ್ಕದ ಸೀಟನ್ನು ಟವೆಲಿನಿಂದ ಒರೆಸಿ, ನನ್ನ ಕಡೆ ನೋಡದೆ, “ಕೂಡ್ತಿಯೇನ?” ಎಂದರು.

ಕೂತೆ. ಹೇಗೆ ಕೂತೆ, ಯಾಕೆ ಕೂತೆ ಎಂದು ಕೇಳಬೇಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹವಾಲ್ದಾರರು ಲೇಸು ಬಿಚ್ಚಿ ಇಟ್ಟುಕೊಂಡು ತಯಾರಾಗಿದ್ದರು. ನೆಲ ತಗ್ಗಾಯಿತು. ಹೆದರಿ ಕಣ್ಣು ಮುಚ್ಚಿದ್ದವಳು, ಮುಚ್ಚಿದರೆ ಇನ್ನೂ ಹೆದರಿಕೆಯಾಗುತ್ತದೆಂದು ತೆರೆದೆ. ಕೆಳಗೆ ನೋಡಿದೆ. ಎರಡು ದಿನ ನಾವು ನಡೆದಾಡಿದ್ದ ಬರೀ ಬಯಲು, ಅಲ್ಲೊಂದು ಇಲ್ಲೊಂದು ಕಲ್ಲು. ಮೇಲಿನಿಂದ ನೋಡಿದರೆ ಆ ಬಯಲಿನಲ್ಲಿ ಗೆರೆಗಳಿದ್ದವು. ಒಣಗಿದ ಮಣ್ಣಿನಲ್ಲಿ ಒಂದು ಕಡೆ ಕಪ್ಪು, ಒಂದು ಕಡೆ ಬಿಳಿಚು. ಚೌಕ ಚೌಕ ಮನೆಗಳು, ನಡುವೆ ಬಾಗಿ ಹೋಗುವ ಒಂದು ಓಣಿ, ಓಣಿಯ ಕೊನೆಗೆ ಒಂದು ದುಂಡು.

ಇಳಿದ ಮೇಲೆ ನೇರ ಅತ್ತೆಯ ಬಳಿ ಹೋದೆ.

“ಅತ್ತಿ, ಕೆಳಗ ಊರ ಕಾಣತೈತ್ರಿ.”

“ಯಾವ ಊರ?”

“ಓಣಿ ಕಾಣತೈತಿ. ಓಣಿ ತುದೀಗೆ ಬಾವಿ ಐತಿ.”

ಅವರು ಕೊಡೆ ಮಡಚಿ ಕೇಳಿದರು: “ಬಾವಿಗಿಂತ ಮೊದಲ ಎಡಕ್ಕ ಒಂದ ದೊಡ್ಡ ಹಿತ್ತಲಾ ಐತೇನ?”

“ಐತಿ ಅನಸ್ತೈತ್ರಿ.”

“ಅನಸೂದ ಬ್ಯಾಡ,” ಎಂದು ಎದ್ದರು. ಕೊಡೆಯನ್ನು ನನ್ನ ಕೈಗೆ ಕೊಟ್ಟು ವಿಮಾನದ ಕಡೆ ನಡೆದರು. ಇಷ್ಟು ದಿನ ಮಾತಾಡದಿದ್ದ ಮಗನಿಗೆ, “ಸರಿ ಅತ್ತಾಗ,” ಎಂದರು. ಕಾಂಬಳೆ ಸೀರೆಯ ಮೇಲಿನಿಂದ ಪಟ್ಟಿ ಬಿಗಿದರು. ಹವಾಲ್ದಾರರು ಈ ಸಲ ಲೇಸಿಗೆ ಕೈ ಹಾಕಲಿಲ್ಲ. ನೇರವಾಗಿ ನಿಂತು, ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನೋಡಿದರು.

ಎರಡು ಸುತ್ತು ಬಂದರು. ಎರಡನೆಯದರಲ್ಲಿ ಅತ್ತೆ ಒಂದು ಕೈಯಿಂದ ತಲೆಯ ಸೆರಗು ಹಿಡಿದು, ಇನ್ನೊಂದು ಕೈಯಿಂದ ಕೆಳಗೆ ತೋರಿಸಿ ತೋರಿಸಿ ಮಗನಿಗೆ ಏನೋ ಹೇಳುತ್ತಿದ್ದುದು ನಮಗೆ ಕೆಳಗಿನಿಂದಲೇ ಕಂಡಿತು. ಇಳಿದ ಮೇಲೆ ಪಟ್ಟಿ ಬಿಚ್ಚಲು ಬಿಡದೆ ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದರು. ನಾನು ನೀರು ಕೊಟ್ಟೆ. ಕುಡಿದು ತಂಬಿಗೆ ವಾಪಸು ಕೊಟ್ಟರು.

“ಕಾಂಬಳೆ, ಮಳಿ ಇನ್ನ ಎಷ್ಟ ದಿವಸಕ್ಕ ಬರತೈತಿ?”

“ಇನ್ನೊಂದ ತಿಂಗಳ ಹೋಗಬೇಕ್ರಿ ಅವ್ವಾರ.”

“ಬರ್ಲಿ ತಗೋ,” ಎಂದರು ಅತ್ತೆ. “ಇನ್ನ ಮುಳಗಲಿ.”